ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, 2012ರಲ್ಲಿ ತಗೊಂಡ ಲ್ಯಾಪ್‌ಟಾಪ್ ಮನೇಲಿದೆ. ಎರಡನೇ ಜನರೇಶನ್ ಐ3, 2 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ವಿಂಡೋಸ್ 10 ಆನ್ ಆಗೋದ್ರಲ್ಲಿ ಒಂದು ಕಾಫಿ ಕುಡಿದು ಮುಗ್ಸಬೋದು, ಈಗ ಅದಕ್ಕೆ ಅಪ್‌ಡೇಟ್ ಬರೋದೂ ನಿಂತೋಯ್ತು. ಮಗಳಿಗೆ ಕಾಲೇಜ್ ನೋಟ್ಸ್ ಟೈಪ್ ಮಾಡೋಕೆ, ಯೂಟ್ಯೂಬ್‌ನಲ್ಲಿ ಪಾಠ ನೋಡೋಕೆ ಆದ್ರೆ ಸಾಕು. ಒಬ್ರು ಪಪ್ಪಿ ಅಂತಾರೆ, ಒಬ್ರು ಲುಬುಂಟು ಅಂತಾರೆ, ಇನ್ನೊಬ್ರು ಆ್ಯಂಟಿಎಕ್ಸ್ ಅಂತಾರೆ. ಯಾವ್ದು ಹಾಕ್ಲಿ?
– ದಾವಣಗೆರೆಯ ಓದುಗರು

ಉತ್ತರ: ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್ ಇರೋ) ಎಡಿಶನ್ ಹಾಕಿ, 2029ರ ಏಪ್ರಿಲ್‌ವರೆಗೂ ಅಪ್‌ಡೇಟ್ ಬರುತ್ತೆ. ಆದ್ರೆ ಅದಕ್ಕಿಂತ ಮೊದ್ಲು ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕೋ ವೇಗದ ಡಿಸ್ಕ್), ಒಂದು 4 ಜಿಬಿ ರ‍್ಯಾಮ್ ಸ್ಟಿಕ್ ಹಾಕ್ಸಿ. ಯಾಕಂದ್ರೆ ಡಿಸ್ಟ್ರೋ, ಅಂದ್ರೆ ಮಿಂಟ್, ಪಪ್ಪಿ ಥರದ ಲಿನಕ್ಸ್ ರೂಪ, ಎಷ್ಟೇ ಹಗುರ ಇರ್ಲಿ, ಬ್ರೌಸರ್ ಹಗುರ ಆಗಲ್ಲ. ಬರೀ ಡೆಸ್ಕ್‌ಟಾಪ್ ತೆರೆದಾಗ ಕಡಿಮೆ ರ‍್ಯಾಮ್ ತಿನ್ನೋ ಡಿಸ್ಟ್ರೋ ಅಂತ ಹುಡುಕಿ ಹಾಕ್ಕೊಳ್ತೀರಿ, ಆಮೇಲೆ ಫೈರ್‌ಫಾಕ್ಸ್‌ನಲ್ಲಿ ಯೂಟ್ಯೂಬ್ ಒಂದು ಕಡೆ, ಗೂಗಲ್ ಡಾಕ್ಸ್ ಇನ್ನೊಂದು ಕಡೆ ತೆರೆದ್ರೆ 1 ಜಿಬಿಗಿಂತ ಜಾಸ್ತಿ ಹೋಯ್ತು, ಅದು ಪಪ್ಪೀಲೂ ಹೋಗುತ್ತೆ ಮಿಂಟ್‌ನಲ್ಲೂ ಹೋಗುತ್ತೆ. ರ‍್ಯಾಮ್ ಸಾಲ್ದೇ ಹೋದಾಗ ಸಿಸ್ಟಮ್ ಅದರಲ್ಲಿರೋದನ್ನ ನಿಧಾನದ ಹಾರ್ಡ್ ಡಿಸ್ಕ್ ಮೇಲೆ ಎತ್ತಿಡೋಕೆ (ಸ್ವಾಪ್ ಮಾಡೋಕೆ) ಶುರು ಮಾಡುತ್ತೆ, ಮೌಸ್ ಕೂಡ ಅಲ್ಲಾಡಲ್ಲ. ನಿಮ್ಮ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸರಿಯಾಗಿ ಕೂರುತ್ತೆ. ರ‍್ಯಾಮ್ ತಗೊಳೋವಾಗ ಹಳೇ ಸ್ಟಿಕ್ ಬಿಚ್ಚಿ ಅಂಗಡಿಗೇ ತಗೊಂಡೋಗಿ, ಅದರ ಸ್ಟಿಕ್ಕರ್ ಮೇಲೆ ಪಿಸಿ3 ಅಂತಿದ್ರೆ ಡಿಡಿಆರ್3. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಬೆಂಗಳೂರಿಗೆ ಹೋಗೋರು ಯಾರಾದ್ರೂ ಇದ್ರೆ ಎಸ್‌ಪಿ ರೋಡಲ್ಲಿ ವಿಚಾರಿಸೋಕೆ ಹೇಳಿ.

ಲುಬುಂಟು ಕೆಟ್ಟದಲ್ಲ, ಅದರ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇನ್ನೂ ಸ್ವಲ್ಪ ಹಗುರವೇ. ಆದ್ರೆ ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಅನ್ನೋ ಪ್ಯಾಕೇಜ್ (ಬೇಕಾದ್ದನ್ನೆಲ್ಲಾ ಒಟ್ಟಿಗೆ ಕಟ್ಟಿರೋ ಕಟ್ಟು) ಆಗಿ ಬರುತ್ತೆ, ಹಳೇ ಮಷೀನಲ್ಲಿ ಮೊದಲನೇ ಸಲ ತೆರೆಯೋಕೆ ಎಳೀತಾ ಇರುತ್ತೆ, ಮಿಂಟ್‌ನಲ್ಲಿ ಆ ತಲೆನೋವಿಲ್ಲ. ಪಪ್ಪಿ ಇಡೀ ರ‍್ಯಾಮ್‌ಗೇ ಲೋಡ್ ಆಗಿ ಓಡೋದು, ಕೆಟ್ಟ ಕಂಪ್ಯೂಟರಿಂದ ಫೈಲ್ ಎತ್ಕೊಳೋಕೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಅದು ಮೊದಲಿಂದಲೂ ರೂಟ್ ಯೂಸರ್ (ಏನನ್ನ ಬೇಕಾದ್ರೂ ಬದಲಾಯಿಸೋ ಪೂರ್ಣ ಅಧಿಕಾರ ಇರೋ ಬಳಕೆದಾರ) ಆಗೇ ಓಡೋ ಸಿಸ್ಟಮ್, ಕಾಲೇಜ್ ಹುಡುಗಿ ದಿನಾ ಲಾಗಿನ್ ಆಗಿ ಬಳಸೋ ಲ್ಯಾಪ್‌ಟಾಪ್‌ಗೆ ಅದು ಬೇಡ್ವೇ ಬೇಡ. ರ‍್ಯಾಮ್ ಹಾಕ್ಸೋಕೆ ಆಗೋದೇ ಇಲ್ಲ ಅಂದ್ರೆ ಲುಬುಂಟು ಹಾಕಿ, ಜೊತೆಗೆ ಝಡ್‌ರ‍್ಯಾಮ್ ಆನ್ ಮಾಡ್ಕೊಳ್ಳಿ. ಅದು ರ‍್ಯಾಮ್‌ನಲ್ಲಿರೋದನ್ನೇ ಕಂಪ್ರೆಸ್ ಮಾಡಿ ಜಾಗ ಮಾಡ್ಕೊಡುತ್ತೆ.

ಯೂಟ್ಯೂಬ್ ತಡವರಿಸಿದ್ರೆ ಬ್ರೌಸರ್‌ಗೆ ಎಚ್264ಇಫೈ ಅನ್ನೋ ಎಕ್ಸ್‌ಟೆನ್ಶನ್ ಹಾಕಿ. ಯೂಟ್ಯೂಬ್ ಈಗ ಕಳಿಸೋ ವಿಪಿ9, ಎವಿ1 ಅನ್ನೋ ಹೊಸ ಥರದ ವಿಡಿಯೋ ಬಿಚ್ಚೋಕೆ ನಿಮ್ಮ ಐ3 ಗ್ರಾಫಿಕ್ಸ್‌ನಲ್ಲಿ ವ್ಯವಸ್ಥೆ ಇಲ್ಲ, ಎಲ್ಲಾ ಪ್ರೊಸೆಸರ್ ತಲೆ ಮೇಲೇ ಬೀಳುತ್ತೆ, ಫ್ಯಾನ್ ಜೋರಾಗಿ ತಿರುಗೋದು ಅದಕ್ಕೇ. ಈ ಎಕ್ಸ್‌ಟೆನ್ಶನ್ ಹಳೇ ಎಚ್264 ವಿಡಿಯೋನೇ ಕೇಳಿ ತರಿಸುತ್ತೆ.

ಇನ್‌ಸ್ಟಾಲ್ ಒತ್ತೋ ಮುಂಚೆ ಫೋಟೋ, ಫೈಲು ಎಲ್ಲಾ ಬೇರೆ ಡಿಸ್ಕ್‌ಗೆ ಹಾಕ್ಕೊಂಡು, ಮಿಂಟ್ ಹಾಕಿರೋ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಒಂದು ಸಂಜೆ ಓಡಿಸಿ ನೋಡಿ. ವೈಫೈ, ಸೌಂಡ್, ಮುಚ್ಚಳ ಮುಚ್ಚಿ ತೆರೆದ್ರೆ ಎಚ್ಚರ ಆಗುತ್ತಾ, ಎಲ್ಲಾ ಚೆಕ್ ಮಾಡಿ. ಬ್ರಾಡ್‌ಕಾಮ್ ಚಿಪ್ ಇದ್ರೆ ವೈಫೈ ಕಾಣಿಸ್ದೇ ಇರ್ಬೋದು, ಗಾಬರಿ ಬೇಡ. ಇನ್‌ಸ್ಟಾಲ್ ಆದ್ಮೇಲೆ ಮೊಬೈಲನ್ನ ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ (ಮೊಬೈಲಿನ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು) ಆನ್ ಮಾಡಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದ್ರೆ ಬೇಕಾದ ಡ್ರೈವರ್ ಅದೇ ತೋರ್ಸುತ್ತೆ.

ಪ್ರಶ್ನೆ: ನಾನು ನುಡಿಯಲ್ಲಿ ಟೈಪ್ ಮಾಡಿ ರೂಢಿ ಆಗಿರೋಳು. ಲಿನಕ್ಸ್‌ಗೆ ಹೋದ್ರೆ ಕನ್ನಡ ಟೈಪಿಂಗ್ ಮತ್ತೆ ಕಲೀಬೇಕಾ? ಹಳೇ ಫೈಲ್‌ಗಳ ಗತಿ ಏನು?
– ಶಿರಸಿಯ ಓದುಗರು

ಉತ್ತರ: ಏನೂ ಹೊಸದಾಗಿ ಕಲೀಬೇಕಿಲ್ಲ ಮೇಡಂ. ನುಡಿಯ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಕೀಬೋರ್ಡ್ ಲೇಔಟ್ ಪಟ್ಟೀಲಿ ಕನ್ನಡ ಕಗಪ ಫೊನೆಟಿಕ್ ಸೇರಿಸ್ಕೊಳ್ಳಿ, ಅಥವಾ ಐಬಸ್ ಅನ್ನೋ ಟೈಪಿಂಗ್ ಸಾಧನದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ ಅದರಲ್ಲಿ ಕೆಜಿಪಿ (ಅದೂ ಕಗಪವೇ) ಆರಿಸ್ಕೊಳ್ಳಿ. ಒತ್ತಿಗೆ ಅದೇ ಎಫ್ ಕೀ: ಎ, ಕೆ, ಎಫ್, ಕೆ ಒತ್ತಿದ್ರೆ ‘ಅಕ್ಕ’ ಬಂತು. ಡೆಬಿಯನ್, ಉಬುಂಟು, ಮಿಂಟ್ ಮೂರರಲ್ಲೂ ನವಿಲು, ಗುಬ್ಬಿ, ಲೋಹಿತ್ ಫಾಂಟ್‌ಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತೆ. ನವಿಲು ನೋಡೋಕೆ ಬರವಣಿಗೆ ಥರ ಇದೆ, ನನಗೆ ತುಂಬಾ ಇಷ್ಟ.

ಹಳೇ ಫೈಲ್ ವಿಷಯದಲ್ಲಿ ಮಾತ್ರ ಹುಷಾರು. ಆಗಿನ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಸಂಕೇತ) ಅಲ್ಲ, ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ ತೆರೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ ಅಷ್ಟೇ. ವಿಂಡೋಸ್ ಇನ್ನೂ ಓಡ್ತಿರೋವಾಗ್ಲೇ ಒಂದೊಂದಾಗಿ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಸೇವ್ ಮಾಡ್ಕೊಳ್ಳಿ. ಕನ್ವರ್ಟ್ ಆದ್ಮೇಲೆ ಅರ್ಕಾವತ್ತು, ಒತ್ತಕ್ಷರ ಇರೋ ಪದಗಳನ್ನ ಕಣ್ಣಾಡಿಸಿ, ತಪ್ಪಾದ್ರೆ ಸಾಮಾನ್ಯವಾಗಿ ಅಲ್ಲೇ ಆಗೋದು.

ಪ್ರಶ್ನೆ: ಆ್ಯಟಂ ಎನ್270 ಪ್ರೊಸೆಸರ್ ಇರೋ ಪುಟ್ಟ ನೆಟ್‌ಬುಕ್, 1 ಜಿಬಿ ರ‍್ಯಾಮ್. ಇದಕ್ಕೂ ಮಿಂಟ್ ಆಗುತ್ತಾ?
– ಹಾಸನದ ಓದುಗರು

ಉತ್ತರ: ಆಗಲ್ಲ. ಅದು 32 ಬಿಟ್ ಪ್ರೊಸೆಸರ್. ಮಿಂಟ್ 22, ಈಗಿನ ಲುಬುಂಟು ಎರಡೂ 64 ಬಿಟ್ ಮಾತ್ರ, ಡೆಬಿಯನ್ ಕೂಡ 2025ರಲ್ಲಿ ಬಂದ 13ರಿಂದ 32 ಬಿಟ್ ಇನ್‌ಸ್ಟಾಲರ್ ಕೊಡೋದು ನಿಲ್ಲಿಸ್ತು. ಆ್ಯಂಟಿಎಕ್ಸ್ 23ರ 32 ಬಿಟ್ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲ್) ಹಾಕಿ, ಡೆಬಿಯನ್ 12ರ ಮೇಲೆ ಕಟ್ಟಿರೋದು, 1 ಜಿಬೀಲೂ ಓಡುತ್ತೆ. ಟೈಪಿಂಗ್, ಹಾಡು, ಪಿಡಿಎಫ್ ಓದೋದು ಇಷ್ಟಕ್ಕೆ ಇಟ್ಕೊಳ್ಳಿ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಬಿಟ್ಟಾಗಿದೆ, ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಗೇ ನಿಲ್ಲಿಸ್ತು. ಬ್ಯಾಂಕ್ ಕೆಲಸ ದಯವಿಟ್ಟು ಅದರಲ್ಲಿ ಮಾಡ್ಬೇಡಿ.

ನಿಮ್ಮದು ಎನ್270 ಅಲ್ಲ ಎನ್450 ಆಗಿದ್ರೆ ಮಾತ್ರ ಲೆಕ್ಕ ಬೇರೆ, ಅದು 64 ಬಿಟ್. ವಿಂಡೋಸ್ 32 ಬಿಟ್ ಅಂತ ತೋರ್ಸಿದ ತಕ್ಷಣ ಪ್ರೊಸೆಸರೂ ಹಾಗೇ ಅಂತ ಅಂದ್ಕೋಬೇಡಿ, 64 ಬಿಟ್ ಮಷೀನಿಗೂ 32 ಬಿಟ್ ವಿಂಡೋಸ್ 7 ಹಾಕಿ ಕೊಡ್ತಿದ್ರು. ಮಾಡೆಲ್ ನಂಬರ್ ಇಂಟೆಲ್ ವೆಬ್‌ಸೈಟಲ್ಲಿ ಹಾಕಿ ನೋಡಿದ್ಮೇಲೇ ಐಎಸ್‌ಒ ಡೌನ್‌ಲೋಡ್ ಮಾಡಿ.