ಯಾವ ಪದ್ಯಕ್ಕೆ ಹೇಳಿದ ಅರ್ಥ?

ಪ್ರೀತಿಯ ಬರಹಗಾರರಿಗೆ,

‘ಕೊಲೆಗಾರನನ್ನು ನಾವೇಕೆ ಪ್ರೀತಿಸುತ್ತೇವೆ?’ ಎಂಬ ನಿಮ್ಮ ಲೇಖನ ಓದಿದೆ. ಟಿವಿ ಸರಣಿಗಳ ಕೊಲೆಗಾರ ನಾಯಕರ ಬಗ್ಗೆ, ಅದರಲ್ಲೂ ಕೊಲೆಗಾರರನ್ನೇ ಹುಡುಕಿ ಕೊಲ್ಲುವ ‘ಡೆಕ್ಸ್ಟರ್’ ಎಂಬ ಅಮೆರಿಕದ ಸರಣಿಯ ನಾಯಕನ ಬಗ್ಗೆ, ಬದಿಯಡ್ಕದ ಕಡೆಯವರೊಬ್ಬರು ಕೂತು ಹನ್ನೊಂದು ಪುಟ ಬರೆದಿದ್ದಾರೆ ಎಂಬುದೇ ಖುಷಿ. ವಾಕ್ಯಗಳಿಗೆ ಓಟ ಉಂಟು, ಕಾಗುಣಿತ ಶುದ್ಧ ಉಂಟು. ಹೊಗಳಿಕೆ ಇಷ್ಟೇ. ಈಗಿರುವ ಹಾಗೆ ಇದನ್ನು ನಾನು ಅಚ್ಚಿಗೆ ಕೊಡುವುದಿಲ್ಲ. ಹಲವು ಜಾಗದಲ್ಲಿ ನನ್ನ ಪೆನ್ನು ನಿಂತಿತು. ಹೆಚ್ಚಿನ ಕಡೆ ಕಿರಿಕಿರಿಯಾಯಿತು, ಒಂದು ಕಡೆ ಸಿಟ್ಟೇ ಬಂತು. ಉಳಿದದ್ದನ್ನು ಬಿಟ್ಟು ಮುಖ್ಯವಾದವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲ ಸಾಲು: “ನಮ್ಮೆಲ್ಲರ ಆಳದಲ್ಲೂ ಒಬ್ಬ ಕೊಲೆಗಾರ ಮಲಗಿದ್ದಾನೆ, ಡೆಕ್ಸ್ಟರ್ ಅವನನ್ನು ತಟ್ಟಿ ಎಬ್ಬಿಸುತ್ತಾನೆ.”

ಇದನ್ನು ನೀವು ನೋಡಿ ಬರೆದದ್ದಲ್ಲ, ಎಲ್ಲೋ ಕೇಳಿ ಬರೆದದ್ದು. ಒಳಗೆ ಮಲಗಿದವನು ಎದ್ದು ಕೂತದ್ದರಿಂದ ಡೆಕ್ಸ್ಟರ್ ನಮಗೆ ಇಷ್ಟವಾಗುತ್ತಾನೆ ಅಂತಾದರೆ, ಅದೇ ಸರಣಿಯ ನಾಲ್ಕನೇ ಸೀಸನ್ನಿನ ಟ್ರಿನಿಟಿ ಯಾಕೆ ಇಷ್ಟವಾಗುವುದಿಲ್ಲ? ಅವನೂ ಕೊಲೆಗಾರ. ಡೆಕ್ಸ್ಟರ್‌ಗಿಂತ ಹಳಬ, ಅವನಿಗಿಂತ ಪಳಗಿದವ, ಹೆಂಡತಿ ಮಕ್ಕಳ ನಡುವೆ ಸಜ್ಜನನಾಗಿ ಕೂರುವವ. ಆ ಪಾತ್ರಕ್ಕೆ ಜಾನ್ ಲಿತ್‌ಗೋ ಎಮ್ಮಿ ಪ್ರಶಸ್ತಿ ಪಡೆದರು. ಹಾಗಿದ್ದೂ ಅವನು ಯಾವಾಗ ಡೆಕ್ಸ್ಟರ್‌ನ ಕೊಲ್ಲುವ ಮೇಜಿನ ಮೇಲೆ ಬೀಳುತ್ತಾನೆ ಎಂದು ನಾವು ಕಾಯುತ್ತೇವೆ. ಇಬ್ಬರು ಕೊಲೆಗಾರರಲ್ಲಿ ಒಬ್ಬನ ಪರ ನಿಂತು ಇನ್ನೊಬ್ಬನ ಸಾವಿಗೆ ಕಾಯುವ ಪ್ರೇಕ್ಷಕನ ಬಗ್ಗೆ ನಿಮ್ಮ ‘ಆಳದ ಕೊಲೆಗಾರ’ ಏನನ್ನೂ ಹೇಳುವುದಿಲ್ಲ. ಆ ಸಾಲು ಹೊಡೆದುಹಾಕಿ.

ಎರಡನೇ ಸಾಲು: “ಡೆಕ್ಸ್ಟರ್ ಎಂಬ ಪೊಲೀಸ್ ಅಧಿಕಾರಿ.” ತಪ್ಪು. ಅವನು ಮಿಯಾಮಿ ಪೊಲೀಸರ ಲ್ಯಾಬಿನವನು. ಕೊಲೆಯಾದ ಜಾಗಕ್ಕೆ ಹೋಗಿ ಗೋಡೆಗೆ ಚಿಮ್ಮಿದ ರಕ್ತದ ಹನಿ ಯಾವ ದಿಕ್ಕಿನಿಂದ, ಎಷ್ಟು ಎತ್ತರದಿಂದ ಬಂತು ಎಂದು ಓದುವುದು ಅವನ ಕೆಲಸ. ಇದು ಸಣ್ಣ ತಪ್ಪೆಂದು ದಾಟಿಸಬೇಡಿ, ಇಡೀ ಸರಣಿ ನಿಂತಿರುವುದು ಈ ಉದ್ಯೋಗದ ಮೇಲೆ. ಎಂತೆಂತಹ ಗುರುತು ಉಳಿದುಬಿಡುತ್ತದೆ ಎಂದು ಬಲ್ಲವನಾದ್ದರಿಂದಲೇ ಅವನು ಕೊಲೆಯ ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಸುತ್ತುತ್ತಾನೆ. ಆ ಪ್ಲಾಸ್ಟಿಕ್ ಪೊಲೀಸರಿಂದ ಅವನನ್ನು ಉಳಿಸುತ್ತದೆ. ಜೊತೆಗೆ ನಮ್ಮನ್ನು ಅಸಹ್ಯದಿಂದ ಉಳಿಸುತ್ತದೆ. ರಕ್ತ ನೆಲಕ್ಕೆ ತಾಗುವುದಿಲ್ಲ, ಹೆಣ ಚೀಲದಲ್ಲಿ ಹೋಗುತ್ತದೆ, ಬೆಳಿಗ್ಗೆ ದೋಣಿ, ನೀಲಿ ಸಮುದ್ರ. ಒರೆಸಲಿಕ್ಕೆ ಏನೂ ಉಳಿದಿಲ್ಲ. ಕೊಲೆಯನ್ನು ಇಷ್ಟು ಚೊಕ್ಕವಾಗಿ ತೋರಿಸಿದರೆ ನೋಡುವವನ ಹೊಟ್ಟೆ ತೊಳಸುವುದಿಲ್ಲ. ಆಕರ್ಷಣೆಯ ಅರ್ಧ ಗುಟ್ಟು ಈ ಚೊಕ್ಕತನದಲ್ಲಿ ಉಂಟು ಎಂದು ನಾನು ಹೇಳುತ್ತೇನೆ. ನಿಮ್ಮ ಹನ್ನೊಂದು ಪುಟಗಳಲ್ಲಿ ‘ಪ್ಲಾಸ್ಟಿಕ್’ ಎಂಬ ಪದವೇ ಇಲ್ಲ.

ಮೂರನೆಯದು: “ಅವನ ಮುಗ್ಧ ನಗುವಿಗೆ ನಾವು ಮರುಳಾಗುತ್ತೇವೆ.” ನಗುವಿಗೆ ಅಲ್ಲ ಮಾರಾಯ್ರೇ, ಕ್ರಮಕ್ಕೆ. 2006ರ ಅಕ್ಟೋಬರ್ 1ರಂದು ಬಂದ ಮೊದಲ ಕಂತನ್ನು ಇನ್ನೊಮ್ಮೆ ಹಾಕಿ. ರಾತ್ರಿಯ ಮಿಯಾಮಿ, ಕಾರು, ಡೆಕ್ಸ್ಟರ್‌ನ ಸ್ವಗತ. ಹಾಡುವ ಹುಡುಗರ ತಂಡ, ಅವರಿಗೆ ಕಲಿಸುವ ಒಬ್ಬ ಸಭ್ಯ ಗೃಹಸ್ಥ. ಅವನು ತನ್ನ ಕಾರಿನಲ್ಲಿ ಕೂರುತ್ತಾನೆ, ಹಿಂದಿನ ಸೀಟಿನಿಂದ ಕುತ್ತಿಗೆಗೆ ತಂತಿ ಬೀಳುತ್ತದೆ. ಈ ಹೊತ್ತಿನಲ್ಲಿ ನಾವಿನ್ನೂ ಆ ಗೃಹಸ್ಥನ ಕಡೆಯೇ ಇದ್ದೇವೆ. ಮುಂದೆ ಏನಾಗುತ್ತದೆ? ಡೆಕ್ಸ್ಟರ್ ಅವನನ್ನು ಒಂದು ಮನೆಯೊಳಗೆ ತಳ್ಳಿ, ಮಣ್ಣಿನಿಂದ ತೆಗೆದಿಟ್ಟ ಮಕ್ಕಳ ಹೆಣಗಳನ್ನು ತೋರಿಸುತ್ತಾನೆ. ಅವನು ಕೊಂದ ಮಕ್ಕಳು. ‘ನೋಡು’ ಎಂದು ಬಲವಂತ ಮಾಡುತ್ತಾನೆ. ಬಲವಂತ ಅವನಿಗೂ ಹೌದು, ನಮಗೂ ಹೌದು. ಅದಾದ ಮೇಲೆ ಮೇಜು, ಕೆನ್ನೆಯ ಮೇಲೊಂದು ಗೀರು, ಗಾಜಿನ ಪಟ್ಟಿಗೆ ಒಂದು ಹನಿ ರಕ್ತ, ಕೊನೆಗೆ ಆಯುಧ.

ಈ ಕ್ರಮವನ್ನು ತಲೆಕೆಳಗು ಮಾಡಿ ನೋಡಿ. ಮೊದಲು ಮೇಜು ಮತ್ತು ಚೂರಿ, ಹತ್ತು ನಿಮಿಷ ಕಳೆದು ಮಕ್ಕಳ ಹೆಣ. ದೃಶ್ಯ ಅವೇ, ನಟ ಅವನೇ, ನಗುವೂ ಅದೇ. ಆದರೆ ಆ ಹತ್ತು ನಿಮಿಷ ಡೆಕ್ಸ್ಟರ್ ಬರೀ ರಾಕ್ಷಸ. ಹತನಾಗುವವನ ಪಾಪ ಚೂರಿಗಿಂತ ಮೊದಲು ಬರಬೇಕು, ನಂತರ ಬಂದರೆ ಅದು ಸಬೂಬಾಗುತ್ತದೆ. ತಪ್ಪಿಸಿಕೊಂಡ ಕೊಲೆಗಾರರನ್ನು ಮಾತ್ರ ಕೊಲ್ಲಬೇಕು ಎಂದು ಸಾಕುತಂದೆ ಹಾಕಿಕೊಟ್ಟ ನಿಯಮದ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ನಿಯಮವನ್ನು ಡೆಕ್ಸ್ಟರ್ ಪಾಲಿಸುವುದಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿ ಚಿತ್ರಕಥೆಗಾರರು ಪಾಲಿಸುತ್ತಾರೆ ಎಂಬುದನ್ನು ಬರೆದಿಲ್ಲ. ನಾಲ್ಕನೇ ಸೀಸನ್ನಿನಲ್ಲಿ ಅವನು ಒಬ್ಬ ಫೋಟೋಗ್ರಾಫರನನ್ನು ಕೊಲ್ಲುತ್ತಾನೆ, ಆಮೇಲೆ ನೋಡಿದರೆ ಕೊಲೆಗಾರ ಆ ಮನುಷ್ಯನ ಸಹಾಯಕ. ಆ ಫೋಟೋಗ್ರಾಫರನನ್ನು ಎಷ್ಟು ಒರಟ, ಎಷ್ಟು ನೀಚ ಎಂದು ಮುಂಚೆಯೇ ತೋರಿಸಿಟ್ಟಿದ್ದರು, ನೆನಪುಂಟಾ? ತಪ್ಪು ಮನುಷ್ಯ ಸತ್ತರೂ ನಾವು ಕುರ್ಚಿಯಿಂದ ಏಳದೇ ಇರಲು ಮಾಡಿಟ್ಟ ಏರ್ಪಾಡು ಅದು.

ಇನ್ನು ಸ್ವಗತ. “ಡೆಕ್ಸ್ಟರ್ ತನ್ನ ಮನಸ್ಸನ್ನು ನಮ್ಮೆದುರು ಬಿಚ್ಚಿಡುತ್ತಾನೆ” ಎಂದಿದ್ದೀರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮ ಪಕ್ಕದಲ್ಲೇ ಉಂಟು, ಭಾಗವತ ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕೂತು ಮಾತಿನಲ್ಲೇ ಅರ್ಥ ಹೇಳುವ ತಾಳಮದ್ದಳೆ ಕೇಳಿಯೇ ದೊಡ್ಡವರಾಗಿದ್ದೀರಿ. ವಾಲಿಮೋಕ್ಷದಲ್ಲಿ ವಾಲಿ ಎಷ್ಟು ಚಂದ ಮಾತಾಡುತ್ತಾನೆ! ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ಅವನು ಪ್ರಶ್ನೆ ಕೇಳುವಾಗ ಸಭೆ ಪೂರ್ತಿ ಅವನ ಕಡೆ ವಾಲುತ್ತದೆ. ಆದರೆ ಎದುರು ರಾಮ ಕೂತಿದ್ದಾನೆ. ಉತ್ತರ ಕೊಟ್ಟೇ ಕೊಡುತ್ತಾನೆ, ಸಭೆ ಮತ್ತೆ ಇತ್ತ ವಾಲುತ್ತದೆ. ಡೆಕ್ಸ್ಟರ್‌ನ ಸ್ವಗತ ಎದುರು ಅರ್ಥಧಾರಿ ಇಲ್ಲದ ತಾಳಮದ್ದಳೆ. ವಾಲಿ ಒಬ್ಬನೇ ಮಾತಾಡುತ್ತಾನೆ, ಭಾಗವತನೂ ಅವನ ಪರವೇ ಪದ್ಯ ಎತ್ತುತ್ತಾನೆ. 2018ರಲ್ಲಿ ಶುರುವಾದ ‘ಯೂ’ ಸರಣಿಯ ಜೋ ಗೋಲ್ಡ್‌ಬರ್ಗ್‌ನದೂ ಅದೇ ಉಪಾಯ. ಹುಡುಗಿಯ ಬೆನ್ನು ಹತ್ತುವುದನ್ನು ಅವನ ದನಿ ಪ್ರೇಮ ಎಂದು ಕರೆಯುತ್ತದೆ, ಆ ಹುಡುಗಿಗೆ ಅಂಥ ಒಳದನಿಯನ್ನು ಸುಲಭಕ್ಕೆ ಕೊಡುವುದಿಲ್ಲ. ಮನಸ್ಸು ಬಿಚ್ಚಿಟ್ಟದ್ದು ಯಾರದ್ದು, ಯಾರ ಮನಸ್ಸಿಗೆ ಬಾಗಿಲೇ ಇಟ್ಟಿಲ್ಲ ಎಂದು ಲೆಕ್ಕ ಹಾಕಿದ್ದರೆ ನಿಮ್ಮ ಐದನೇ ಪುಟ ಬೇರೆಯೇ ಆಗುತ್ತಿತ್ತು.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ತಾಳಮದ್ದಳೆ ಕೂಟಗಳ ವರದಿ ಬರೆಯುವ ಕೆಲಸ ನನ್ನದಾಗಿತ್ತು. ‘ಅರ್ಥಗಾರಿಕೆ ಮನಮುಟ್ಟುವಂತಿತ್ತು’ ಎಂದು ಬರೆದರೆ ಹಿರಿಯರು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ‘ಯಾವ ಪದ್ಯಕ್ಕೆ?’ ಎಂದಷ್ಟೇ ಬರೆದು ವಾಪಸು ಕೊಡುತ್ತಿದ್ದರು. ಬೇರೆ ಪಾಠ ಇಲ್ಲ, ಬೈಗುಳವೂ ಇಲ್ಲ. ಆರು ತಿಂಗಳಲ್ಲಿ ನಾನು ಪುಸ್ತಕದಲ್ಲಿ ಪದ್ಯದ ಮೊದಲ ಸಾಲು ಗುರುತು ಹಾಕಿಕೊಳ್ಳದೆ ಪೆನ್ನು ಎತ್ತುವುದನ್ನು ಬಿಟ್ಟೆ. ನಿಮ್ಮ ಹಸ್ತಪ್ರತಿಯ ಪಕ್ಕದಲ್ಲಿ ಹದಿನಾಲ್ಕು ಕಡೆ ಅದೇ ಎರಡು ಪದ ಕಾಣುತ್ತದೆ. ಕಂಡು ಗಾಬರಿಯಾಗಬೇಡಿ.

ಏಳನೇ ಪುಟದ ವಾಲ್ಟರ್ ವೈಟ್, ಅಂದರೆ ‘ಬ್ರೇಕಿಂಗ್ ಬ್ಯಾಡ್’ ಸರಣಿಯಲ್ಲಿ ಮಾದಕದ್ರವ್ಯ ತಯಾರಿಸಲು ಇಳಿದ ಮೇಷ್ಟ್ರ ಭಾಗವನ್ನೇ ತೆಗೆದುಕೊಳ್ಳಿ. “ಡೆಕ್ಸ್ಟರ್‌ನಂತೆಯೇ ವಾಲ್ಟರ್ ಕೂಡ ಅನಿವಾರ್ಯವಾಗಿ ಕೊಲೆ ಮಾಡುತ್ತಾನೆ.” ಯಾವ ಪದ್ಯಕ್ಕೆ? ‘ಬ್ರೇಕಿಂಗ್ ಬ್ಯಾಡ್’ 62 ಕಂತು, ಅದರಲ್ಲಿ ಯಾವ ಕೊಲೆ? ಮೊದಲ ಸೀಸನ್ನಿನ ಮೂರನೇ ಕಂತು ಎನ್ನಿ. ನೆಲಮಾಳಿಗೆಯ ಕಂಬಕ್ಕೆ ಕ್ರೇಜಿ ಎಯ್ಟ್ ಎಂಬ ಡ್ರಗ್ಸ್ ಮಾರುವವನನ್ನು ಸೈಕಲ್ ಬೀಗದಿಂದ ಕುತ್ತಿಗೆಗೆ ಸೇರಿಸಿ ಕಟ್ಟಿಹಾಕಿದ್ದಾರೆ. ಕೊಲ್ಲಬೇಕೋ ಬಿಡಬೇಕೋ ಎಂದು ವಾಲ್ಟರ್ ಕಾಗದದಲ್ಲಿ ಎರಡು ಪಟ್ಟಿ ಬರೆಯುತ್ತಾನೆ. ಬಿಡಲಿಕ್ಕೆ ಕಾರಣ ಹಲವು, ಕೊಲ್ಲಲಿಕ್ಕೆ ಒಂದೇ: ಬಿಟ್ಟರೆ ಇವನು ಮನೆಮಂದಿಯನ್ನೆಲ್ಲ ಮುಗಿಸುತ್ತಾನೆ. ಕೆಳಗಿರುವವನಿಗೆ ಸ್ಯಾಂಡ್‌ವಿಚ್ ಮಾಡಿ, ಬ್ರೆಡ್ಡಿನ ಅಂಚು ಕತ್ತರಿಸಿ ಒಯ್ಯುತ್ತಾನೆ. ಮೆಟ್ಟಿಲಿಳಿಯುವಾಗ ಕೆಮ್ಮು ಬಂದು ಬೀಳುತ್ತಾನೆ, ಪ್ಲೇಟ್ ಒಡೆಯುತ್ತದೆ. ಇಬ್ಬರೂ ಬಿಯರ್ ಕುಡಿಯುತ್ತ ಮಾತಾಡುತ್ತಾರೆ. ವಾಲ್ಟರ್ ತನ್ನ ಮಗುವಿನ ತೊಟ್ಟಿಲು ಕೊಂಡ ಅಂಗಡಿ ಇವನ ಅಪ್ಪನದ್ದು ಎಂದು ಗೊತ್ತಾಗುತ್ತದೆ. ಬಿಟ್ಟುಬಿಡೋಣ ಎಂದು ಬೀಗದಕೈ ತರಲು ಮೇಲೆ ಹೋದವನಿಗೆ ಏನೋ ಅನುಮಾನ. ಕಸದ ಬುಟ್ಟಿಯಿಂದ ಪ್ಲೇಟಿನ ಚೂರುಗಳನ್ನು ತೆಗೆದು ಅಡುಗೆಮನೆಯಲ್ಲಿ ಜೋಡಿಸುತ್ತಾನೆ. ಒಂದು ಚೂರು ಇಲ್ಲ. ಚೂಪಾದ, ಉದ್ದನೆಯ ಚೂರು.

ಡೆಕ್ಸ್ಟರ್‌ನ ಕೊಲೆಗೂ ಇದಕ್ಕೂ ಏನು ಸಂಬಂಧ? ಅಲ್ಲಿ ಸಾಯುವವನ ಬಗ್ಗೆ ನಮಗೆ ಗೊತ್ತಾಗುವುದು ಅವನ ಪಾಪ ಮಾತ್ರ, ಇಲ್ಲಿ ಅವನ ಅಪ್ಪನ ಅಂಗಡಿ. ಅಲ್ಲಿ ಕೈ ನಡುಗುವುದಿಲ್ಲ, ಇಲ್ಲಿ ಬೀಗವನ್ನು ಹಿಂದಿನಿಂದ ಎಳೆಯುತ್ತಲೇ ವಾಲ್ಟರ್ ಅವನ ಕ್ಷಮೆ ಕೇಳುತ್ತಾನೆ. ಪ್ಲಾಸ್ಟಿಕ್ ಇಲ್ಲ, ಚೊಕ್ಕತನ ಇಲ್ಲ, ಕಾಲಿಗೆ ಆ ಚೂರು ಚುಚ್ಚಿಸಿಕೊಂಡೇ ಕೊಲ್ಲುತ್ತಾನೆ. ನಮ್ಮನ್ನು ಅವನ ಕಡೆ ಎಳೆದದ್ದು ಆ ಕಾಣೆಯಾದ ಚೂರು, ಯಾಕೆಂದರೆ ಅದನ್ನು ಅವನ ಜೊತೆಗೇ, ಅವನ ಕೈಯಿಂದಲೇ ನಾವೂ ಜೋಡಿಸಿ ನೋಡಿದ್ದೇವೆ. ಮುರ್ರೇ ಸ್ಮಿತ್ ಎಂಬ ಸಿನಿಮಾ ವಿದ್ವಾಂಸರು 1995ರಲ್ಲಿ ಒಂದು ಗೆರೆ ಎಳೆದರು: ಪಾತ್ರದ ಜೊತೆಯಲ್ಲಿ ಸಾಗುವುದು ಒಂದು, ಪಾತ್ರದ ಪರ ವಹಿಸುವುದು ಇನ್ನೊಂದು. ನೀವು ಎರಡನ್ನೂ ‘ತಾದಾತ್ಮ್ಯ’ ಎಂಬ ಒಂದೇ ಚೀಲಕ್ಕೆ ತುಂಬಿದ್ದೀರಿ. ‘ದಿ ಸೊಪ್ರಾನೋಸ್’ನ ಐದನೇ ಕಂತು ನೋಡಿದರೆ ಚೀಲ ಹರಿಯುತ್ತದೆ. ಮಗಳಿಗೆ ಕಾಲೇಜು ತೋರಿಸಲು ಹೋದ ಮಾಫಿಯಾ ನಾಯಕ ಟೋನಿ, ಹಳೆಯ ಮಾಹಿತಿದಾರನೊಬ್ಬನನ್ನು ಕಂಡು ಕೈಯಾರೆ ಕತ್ತು ಬಿಗಿದು ಕೊಲ್ಲುತ್ತಾನೆ. ಇದನ್ನು ತೋರಿಸಿದರೆ ಪ್ರೇಕ್ಷಕರು ಕೈಬಿಟ್ಟುಹೋಗುತ್ತಾರೆ ಎಂದು 1999ರಲ್ಲಿ ಚಾನೆಲಿನವರಿಗೆ ಭಯವಾಗಿತ್ತು. ಕೊಲ್ಲದಿದ್ದರೇ ಅವನ ಮೇಲಿನ ನಂಬಿಕೆ ಹೋಗುತ್ತದೆ ಎಂದು ಸರಣಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಪಟ್ಟು ಹಿಡಿದರು. ಯಾರೂ ಬಿಟ್ಟುಹೋಗಲಿಲ್ಲ.

ಪದದ ಬಗ್ಗೆ ಒಂದು ಮಾತು. ಆಂಟಿಹೀರೋಗೆ, ಅಂದರೆ ಕೆಟ್ಟ ಕೆಲಸ ಮಾಡುವ ನಾಯಕನಿಗೆ, ‘ಪ್ರತಿನಾಯಕ’ ಎಂದು ಎಲ್ಲ ಕಡೆ ಬಳಸಿದ್ದೀರಿ. ಪ್ರತಿನಾಯಕ ಎಂದರೆ ನಾಯಕನ ಎದುರಾಳಿ, ರಾಮನಿಗೆ ರಾವಣನಂತೆ. ಡೆಕ್ಸ್ಟರ್ ತಾನೇ ನಾಯಕ, ಅವನಿಗೆ ಪ್ರತಿನಾಯಕ ಟ್ರಿನಿಟಿ. ಆಂಟಿಹೀರೋ ಎಂದೇ ಬರೆಯಿರಿ, ಯಾರೂ ಬೈಯುವುದಿಲ್ಲ. ಗಡಿ ವಿವಾದದ ಮಹಾಜನ ವರದಿಯ ಪ್ಯಾರಾವನ್ನೂ ತೆಗೆಯಿರಿ. ನಮ್ಮ ಗಡಿನಾಡಿನ ಲೇಖಕರಿಗೆ ಆ ವರದಿ ಉಪ್ಪಿನಕಾಯಿ ಇದ್ದ ಹಾಗೆ, ಪಾಯಸಕ್ಕೂ ಬೇಕು.

ಈಗ ಸಿಟ್ಟಿನ ವಿಷಯ. ಕೊನೆಯ ಪುಟದಲ್ಲಿ ಸೈನೈಡ್ ಮೋಹನನನ್ನು “ನಮ್ಮ ಸೀಮೆಯ ಡೆಕ್ಸ್ಟರ್” ಎಂದಿದ್ದೀರಿ. ಓದುಗ ಬೆಚ್ಚಿಬೀಳಲಿ ಎಂದು ಬರೆದಿರಬೇಕು. ನಾನು ಬೆಚ್ಚಿದೆ, ಆದರೆ ನೀವು ಬಯಸಿದ ಕಾರಣಕ್ಕಲ್ಲ. ಬಂಟ್ವಾಳದ ಕಡೆಯ ಆ ದೈಹಿಕ ಶಿಕ್ಷಕ 2009ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ. ಅವನ ಮೇಲೆ ಇಪ್ಪತ್ತು ಯುವತಿಯರ ಕೊಲೆಯ ಮೊಕದ್ದಮೆ ನಡೆಯಿತು. ಮದುವೆಯ ಮಾತಾಡಿ ಲಾಡ್ಜಿಗೆ ಕರೆದೊಯ್ಯುವುದು, ಮರುದಿನ ಚಿನ್ನ ಬಿಚ್ಚಿಡಿಸಿ, ಬಸ್‌ಸ್ಟ್ಯಾಂಡಿನಲ್ಲಿ ಗರ್ಭನಿರೋಧಕ ಎಂದು ಸೈನೈಡ್ ಮಾತ್ರೆ ಕೊಟ್ಟು ಶೌಚಾಲಯದಲ್ಲಿ ನುಂಗಲು ಹೇಳುವುದು, ಚಿನ್ನ ಹಿಡಿದು ನಡೆಯುವುದು. ಇಪ್ಪತ್ತನೆಯ ಪ್ರಕರಣ ನಮ್ಮ ಕಾಸರಗೋಡಿನ ಹುಡುಗಿಯದು, 2020ರ ಜೂನ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಅದರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಸತ್ತವರು ಯಾರನ್ನೂ ಕೊಂದವರಲ್ಲ. ಡೆಕ್ಸ್ಟರ್‌ನ ಇಡೀ ಮೋಡಿ ನಿಂತಿರುವುದೇ ಮೇಜಿನ ಮೇಲೆ ಮಲಗಿದವನು ಕೊಲೆಗಾರ ಎಂಬುದರ ಮೇಲೆ. ಆ ನಿಯಮದ ಬಗ್ಗೆ ಒಂದೂವರೆ ಪುಟ ಬರೆದವರು, ಹನ್ನೊಂದನೆಯದರಲ್ಲಿ ಅದನ್ನೇ ಮರೆತಿರಿ. ಆ ಹುಡುಗಿಯ ಮನೆಯವರು ನಮ್ಮ ಪತ್ರಿಕೆಯ ಓದುಗರಾಗಿರಬಹುದು ಎಂಬುದನ್ನೂ ಮರೆತಿರಿ.

ಹೋಲಿಕೆ ಬೇಕೇ ಬೇಕೆಂದರೆ 2023ರ ಹಿಂದಿ ಸರಣಿ ‘ದಹಾಡ್’ ತೆಗೆದುಕೊಳ್ಳಿ. ಆ ಎಂಟು ಕಂತುಗಳ ಹಿಂದೆ ಇದೇ ಪ್ರಕರಣದ ನೆರಳು ಉಂಟೆಂದು ಪತ್ರಿಕೆಗಳು ಬರೆದವು. ಕತೆ ರಾಜಸ್ಥಾನಕ್ಕೆ ಹೋಗಿದೆ, ಕೊಲೆಗಾರ ಹಿಂದಿ ಮೇಷ್ಟ್ರಾಗಿದ್ದಾನೆ. ಅವನೇ ಎಂದು ನಮಗೆ ಬೇಗನೆ ಗೊತ್ತಾಗುತ್ತದೆ, ವಿಜಯ್ ವರ್ಮಾ ನಟನೆಯಲ್ಲಿ ಆಕರ್ಷಣೆಗೂ ಕೊರತೆಯಿಲ್ಲ. ಆದರೂ ಯಾರೂ ಅವನ ಪರ ವಹಿಸುವುದಿಲ್ಲ. ಅವನಿಗೆ ಸ್ವಗತ ಇಲ್ಲ. ನಾವು ಹೆಚ್ಚಾಗಿ ಸಾಗುವುದು ಎಸ್‌ಐ ಅಂಜಲಿ ಭಾಟಿಯ ಜೊತೆ. ಬಾಗಿಲು ಒಡೆದು ಒಳಗೆ ಕಂಡ ಹೆಣಕ್ಕೆ ಒಂದು ಹೆಸರಿರುತ್ತದೆ, ಹುಡುಕದೇ ಬಿಟ್ಟ ಒಂದು ಮನೆಯಿರುತ್ತದೆ. ಡೆಕ್ಸ್ಟರ್‌ನ ಮೊದಲ ಕಂತನ್ನೂ ಇದರ ಮೊದಲ ಕಂತನ್ನೂ ಎದುರುಬದುರು ಇಟ್ಟರೆ ನಿಮ್ಮ ಲೇಖನ ತಾನೇ ಹುಟ್ಟುತ್ತದೆ.

ಮಾಡಬೇಕಾದದ್ದು ಇಷ್ಟು. ಎರಡೇ ಕಂತು, ಒಂದು ನೋಟ್‌ಬುಕ್ಕು. ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಪ್ರತಿ ದೃಶ್ಯಕ್ಕೂ ನಿಲ್ಲಿಸಿ ಮೂರು ಸಂಗತಿ ಬರೆಯಿರಿ: ನಿಮಿಷ ಎಷ್ಟು, ಕ್ಯಾಮೆರಾ ಯಾರ ಜೊತೆ ಕೋಣೆಗೆ ಬಂತು, ಸಾಯುವವನ ಬಗ್ಗೆ ಈ ಹೊತ್ತಿಗೆ ನಮಗೆ ಏನು ಗೊತ್ತು. ಮೂರನೇ ಸಲ ದನಿ ಮುಚ್ಚಿ ನೋಡಿ, ಸ್ವಗತ ಹೋದ ಮೇಲೆ ಡೆಕ್ಸ್ಟರ್ ಎಷ್ಟು ಉಳಿಯುತ್ತಾನೆ ಎಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಕೆಡುವುದು ಎರಡನೇ ಸಲದಲ್ಲಿ. ಕತೆಯ ಸೆಳೆತಕ್ಕೆ ಸಿಕ್ಕಿ ನಿಲ್ಲಿಸುವುದೇ ಮರೆತುಹೋಗುತ್ತದೆ. ಹಾಗಾದ ನಿಮಿಷವನ್ನು ಗುರುತು ಹಾಕಿಕೊಳ್ಳಿ, ನೀವು ಬರೆಯಬೇಕಾದದ್ದು ಅಲ್ಲೇ ಇರುತ್ತದೆ.

ಒಂಬೈನೂರು ಪದ ಸಾಕು. ತಿಂಗಳ ಇಪ್ಪತ್ತರೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕಳಿಸಬೇಡಿ, ಯುನಿಕೋಡಿಗೆ ಬದಲಿಸಿ ಕಳಿಸಿ. ಈ ಸಲ ನಿಮ್ಮ ‘ಡೆಕ್ಸ್ಟರ್’ನ ಒತ್ತಕ್ಷರಗಳೆಲ್ಲ ಉದುರಿ, ಮೂರು ಪುಟದವರೆಗೆ ಅವನು ಯಾರೆಂದೇ ನನಗೆ ಗೊತ್ತಾಗಲಿಲ್ಲ.

ಇಂತು,
ಸಂಪಾದಕ