ಮಾಡ್ಯೂಲ್ ಹೆಸರೇ ಬೇರೆ, ಪ್ಯಾಕೇಜ್ ಹೆಸರೇ ಬೇರೆ

ಪ್ರಶ್ನೆ: ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ‘ಇಂಪೋರ್ಟ್ ಡೇಟಾ.ಮ್ಯಾಪ್’ ಎಂದಿರುವ ಫೈಲನ್ನು ನೇರವಾಗಿ ಅದರ ಕಂಪೈಲರ್ ಜಿಎಚ್‌ಸಿಗೆ ಕೊಟ್ಟರೆ ಕಂಪೈಲ್ ಆಗುತ್ತದೆ. ಅದನ್ನೇ ಕ್ಯಾಬಲ್ (ಹ್ಯಾಸ್ಕೆಲ್‌ನ ಬಿಲ್ಡ್ ಟೂಲ್) ಪ್ರಾಜೆಕ್ಟಿಗೆ ಹಾಕಿದರೆ ‘ಹಿಡನ್ ಪ್ಯಾಕೇಜ್’ ಎಂಬ ಎರರ್. ಕ್ಯಾಬಲ್ ಫೈಲಿನ ‘ಬಿಲ್ಡ್-ಡಿಪೆಂಡ್ಸ್’ ಸಾಲಿಗೆ ಡೇಟಾ.ಮ್ಯಾಪ್ ಸೇರಿಸಿದರೂ ಸರಿಹೋಗಲಿಲ್ಲ. ಏಕೆ?

ಉತ್ತರ: ಆ ಸಾಲಿನಲ್ಲಿ ಪ್ಯಾಕೇಜಿನ ಹೆಸರು ಬರಬೇಕು, ನೀವು ಮಾಡ್ಯೂಲಿನ ಹೆಸರು ಬರೆದಿದ್ದೀರಿ. ಮಾಡ್ಯೂಲ್ ಅಂದರೆ ಕೋಡಿನ ಒಂದು ಫೈಲು, ಪ್ಯಾಕೇಜ್ ಅಂದರೆ ಅಂಥ ಮಾಡ್ಯೂಲುಗಳ ಕಟ್ಟು. ಡೇಟಾ.ಮ್ಯಾಪ್ ಇರುವುದು ‘ಕಂಟೇನರ್ಸ್’ ಎಂಬ ಪ್ಯಾಕೇಜಿನಲ್ಲಿ. ಹೆಸರು ನೋಡಿ ಊಹಿಸಲು ಹೋಗಬೇಡಿ. ಡೇಟಾ.ಲಿಸ್ಟ್ ‘ಬೇಸ್’ನಲ್ಲಿದೆ, ಡೇಟಾ.ಹ್ಯಾಶ್‌ಮ್ಯಾಪ್.ಸ್ಟ್ರಿಕ್ಟ್ ‘ಅನ್‌ಆರ್ಡರ್ಡ್-ಕಂಟೇನರ್ಸ್’ನಲ್ಲಿದೆ, ಕಂಟ್ರೋಲ್.ಮೊನಾಡ್.ಸ್ಟೇಟ್ ‘ಎಂಟಿಎಲ್’ನಲ್ಲಿದೆ. ಟರ್ಮಿನಲ್‌ನಲ್ಲಿ ‘ಜಿಎಚ್‌ಸಿ-ಪಿಕೆಜಿ ಫೈಂಡ್-ಮಾಡ್ಯೂಲ್’ ಎಂದು ಬರೆದು ಮುಂದೆ ಮಾಡ್ಯೂಲಿನ ಹೆಸರು ಕೊಟ್ಟರೆ, ಜಿಎಚ್‌ಸಿ ಜೊತೆ ಬಂದ ಪ್ಯಾಕೇಜುಗಳಲ್ಲಿ ಅದು ಎಲ್ಲಿದೆ ಎಂದು ತಿಳಿಯುತ್ತದೆ. ಅಲ್ಲಿ ಸಿಗದಿದ್ದರೆ ಹ್ಯಾಸ್ಕೆಲ್‌ನ ಹುಡುಕುತಾಣವಾದ ಹೂಗಲ್‌ನಲ್ಲಿ ಹುಡುಕಿ.

ಇನ್ನು, ಒಂದು ಕಡೆ ನಡೆದು ಇನ್ನೊಂದು ಕಡೆ ನಡೆಯದಿರಲು ಕಾರಣ: ಜಿಎಚ್‌ಸಿ ತನ್ನ ಜೊತೆ ಬಂದ ಪ್ಯಾಕೇಜುಗಳನ್ನು ತಾನೇ ತೆರೆದಿಟ್ಟಿರುತ್ತದೆ. ಕ್ಯಾಬಲ್ ಮೊದಲು ಎಲ್ಲವನ್ನೂ ಮುಚ್ಚಿ, ನೀವು ಹೆಸರಿಸಿದ್ದನ್ನು ಮಾತ್ರ ತೆರೆಯುತ್ತದೆ. ಇದು ಕಿರಿಕಿರಿ ಅನ್ನಿಸಬಹುದು, ಆದರೆ ನಿಮ್ಮ ಕೋಡ್ ಬೇರೆಯವರ ಯಂತ್ರದಲ್ಲೂ ಬಿಲ್ಡ್ ಆಗಬೇಕಾದರೆ ಈ ಕಟ್ಟುನಿಟ್ಟು ಬೇಕೇ ಬೇಕು.

ಪ್ರಶ್ನೆ: ನನ್ನದೇ ಮಾಡ್ಯೂಲ್ ‘ಶಾಪ್.ಬಿಲ್’ ಮ್ಯಾಕ್‌ನಲ್ಲಿ ಸರಿಯಾಗಿ ಬಿಲ್ಡ್ ಆಗುತ್ತದೆ. ಲಿನಕ್ಸ್ ಸರ್ವರ್‌ನಲ್ಲಿ ಮಾಡ್ಯೂಲ್ ಸಿಗಲಿಲ್ಲ ಎನ್ನುತ್ತದೆ.

ಉತ್ತರ: ಫೋಲ್ಡರಿನ ಹೆಸರಿನ ಮೊದಲ ಅಕ್ಷರ ನೋಡಿ. ಹೆಸರಿನಲ್ಲಿರುವ ಒಂದೊಂದು ಚುಕ್ಕೆಗೂ ಒಂದೊಂದು ಫೋಲ್ಡರ್, ಕೊನೆಯ ತುಂಡೇ ಫೈಲು. ಮಾಡ್ಯೂಲ್ ಹೆಸರಿನ ಪ್ರತಿ ತುಂಡೂ ದೊಡ್ಡಕ್ಷರದಿಂದಲೇ ಶುರುವಾಗಬೇಕು, ಫೋಲ್ಡರ್ ಮತ್ತು ಫೈಲಿನ ಹೆಸರೂ ಅಕ್ಷರಶಃ ಹಾಗೆಯೇ ಇರಬೇಕು. ಫೋಲ್ಡರ್ ಸಣ್ಣ ‘ಎಸ್’ನಿಂದ ಶುರುವಾಗಿದ್ದರೆ ಮ್ಯಾಕ್‌ನ ಡೀಫಾಲ್ಟ್ ಫೈಲ್ ಸಿಸ್ಟಮ್ ದೊಡ್ಡ-ಸಣ್ಣ ಭೇದ ಮಾಡದೆ ಹುಡುಕಿ ಕೊಡುತ್ತದೆ, ಲಿನಕ್ಸ್ ಕೊಡುವುದಿಲ್ಲ. ತಿದ್ದುವಾಗಲೂ ಮ್ಯಾಕ್‌ನಲ್ಲಿ ಗಿಟ್ ಕೈಕೊಡುತ್ತದೆ: ‘ಗಿಟ್ ಎಂವಿ’ಯಿಂದ ಮೊದಲು ಬೇರೊಂದು ತಾತ್ಕಾಲಿಕ ಹೆಸರಿಗೆ ಬದಲಾಯಿಸಿ, ಆಮೇಲೆ ಸರಿಯಾದ ಹೆಸರಿಗೆ ತನ್ನಿ.

ಜೊತೆಗೆ, ಕ್ಯಾಬಲ್ ಫೈಲಿನಲ್ಲಿ ಕೋಡ್ ಇರುವ ಫೋಲ್ಡರನ್ನು ಹೇಳುವ ‘ಎಚ್‌ಎಸ್-ಸೋರ್ಸ್-ಡಿರ್ಸ್’ನಲ್ಲಿ ‘ಎಸ್‌ಆರ್‌ಸಿ’ ಎಂದಿದ್ದರೆ ಆ ಪದ ಮಾಡ್ಯೂಲ್ ಹೆಸರಿಗೆ ಸೇರುವುದಿಲ್ಲ. ಒಳಬಳಕೆಯ ಮಾಡ್ಯೂಲುಗಳ ಪಟ್ಟಿಯಾದ ‘ಅದರ್-ಮಾಡ್ಯೂಲ್ಸ್’ನಲ್ಲಿ ಹೆಸರು ಬಿಟ್ಟರೆ ನಿಮ್ಮಲ್ಲಿ ಬರೀ ವಾರ್ನಿಂಗ್ ಬರಬಹುದು, ಆದರೆ ಬೇರೆಯವರಿಗೆ ಹಂಚಲು ‘ಕ್ಯಾಬಲ್ ಎಸ್‌ಡಿಸ್ಟ್’ ಕಟ್ಟುವ ಬಂಡಲ್‌ನಲ್ಲಿ ಆ ಫೈಲೇ ಇರುವುದಿಲ್ಲ.

ಪ್ರಶ್ನೆ: ‘ಕ್ರಿಪ್ಟೋ.ಹ್ಯಾಶ್’ ಎರಡು ಪ್ಯಾಕೇಜುಗಳಲ್ಲಿದೆ ಎಂಬ ಎರರ್ ಬರುತ್ತಿದೆ.

ಉತ್ತರ: ‘ಕ್ರಿಪ್ಟೋನೈಟ್’ ಮತ್ತು ಅದರ ಕವಲಾದ ‘ಕ್ರಿಪ್ಟಾನ್’ ಎರಡನ್ನೂ ಬಿಲ್ಡ್-ಡಿಪೆಂಡ್ಸ್‌ಗೆ ಹಾಕಿರುತ್ತೀರಿ. ಒಂದನ್ನು ತೆಗೆಯಿರಿ. ಎರಡೂ ಬೇಕೇ ಬೇಕೆಂದರೆ ‘ಪ್ಯಾಕೇಜ್‌ಇಂಪೋರ್ಟ್ಸ್’ ಎಕ್ಸ್‌ಟೆನ್ಷನ್ ಹಾಕಿಕೊಂಡು, ಇಂಪೋರ್ಟ್ ಸಾಲಿನಲ್ಲೇ ಪ್ಯಾಕೇಜಿನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.