ಆ ದೀಪದ ಹುಡುಗಿ ಯಾರಿಗಾಗಿ ನಿಂತಿದ್ದಾಳೆ?

ಹಾಸನದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ, ಸಾರ ಇಷ್ಟು. ದೀಪಾವಳಿ ಸಂಚಿಕೆಯಲ್ಲಿ ನಾವು ದೀಪ ಹಿಡಿದು ನಿಂತ ಹೆಂಗಸಿನ ಪ್ರಸಿದ್ಧ ಚಿತ್ರ ಹಾಕಿ, ಕೆಳಗೆ ಎಸ್.ಎಲ್. ಹಳದಣಕರ್ ಎಂದು ಹೆಸರು ಕೊಟ್ಟಿದ್ದೆವು. ಇವರ ತವರಿನ ನಡುಮನೆಯಲ್ಲಿ ಅದೇ ಚಿತ್ರದ ಅಚ್ಚು ಇತ್ತು. ಅದರ ಮೇಲೆ ‘ರವಿವರ್ಮ’ ಎಂದಿತ್ತು. ‘ಗಂಡ ಇನ್ನೂ ಮನೆಗೆ ಬಂದಿಲ್ಲ, ಅದಕ್ಕೇ ದೀಪ ಹಿಡ್ಕೊಂಡು ನಿಂತವಳೆ’ ಎಂದು ಅಮ್ಮ ಹೇಳುತ್ತಿದ್ದರಂತೆ. ಇವರಿಗೆ ಮಾತ್ರ ಆಕೆ ದೇವರ ಮುಂದೆ ದೀಪ ಇಡಲು ಹೊರಟ ಹಾಗೆ ಕಾಣುತ್ತಿತ್ತು. ಮೊನ್ನೆ ಬೆಂಗಳೂರಿನಿಂದ ಬಂದ ಮೊಮ್ಮಗಳು, ‘ಅಜ್ಜೀ, ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಮೊಬೈಲ್ ನೋಡ್ತಿರೋ ಹಾಗಿದೆ’ ಅಂದುಬಿಟ್ಟಳು. ಈಗ ಪ್ರಶ್ನೆಗಳು: ಮೂವರಲ್ಲಿ ಯಾರದು ಸರಿ? ರವಿವರ್ಮನ ಹೆಸರು ಹೋದ ಮೇಲೆ ಅಮ್ಮ ನೋಡಿದ ಚಿತ್ರ ಸುಳ್ಳಾಯಿತೇ? ಆ ಅಚ್ಚಿನ ಮೇಲಿರುವ ಹೆಸರನ್ನು ಅಳಿಸಿಬಿಡಲೇ?

ಮೇಡಂ, ನಮಸ್ಕಾರ.

ಸುಲಭದ್ದನ್ನು ಮೊದಲು ಮುಗಿಸೋಣ. ಹೆಸರಿನ ವಿಷಯದಲ್ಲಿ ರಾಜಿ ಇಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಬರೆದವರು ಸಾವಂತವಾಡಿಯ ಸಾವಳಾರಾಮ ಲಕ್ಷ್ಮಣ ಹಳದಣಕರ್ (1882–1968), ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇವೆ. ನೋಡಿ ಬಂದವರ ತಲೆಯಲ್ಲಿ ಎರಡೂ ಬೆರೆತುಹೋಗುತ್ತವೆ. ಊರಿಗೆ ಬಂದು ಹೇಳುವಾಗ ಎಲ್ಲವೂ ರವಿವರ್ಮನದೇ ಆಗಿರುತ್ತದೆ.

ಆದರೆ ಗೊಂದಲಕ್ಕೆ ಅದೊಂದೇ ಕಾರಣವಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿಸಿದರು. ಅರಮನೆಯ ಗೋಡೆಯಲ್ಲಿದ್ದ ಲಕ್ಷ್ಮಿ, ಸರಸ್ವತಿ ಅಲ್ಲಿಂದ ಕಾಗದದ ಮೇಲೆ ಇಳಿದು ಹಳ್ಳಿ ಹಳ್ಳಿಗೆ ಬಂದರು. ಅರಮನೆಯವರಿಗೆ ಅದು ನುರಿತ ಕೈಯ ಎಣ್ಣೆಬಣ್ಣದ ಕೆಲಸ. ಅಚ್ಚು ಕೊಂಡವರಿಗೆ ದೇವರು. ಕಟ್ಟು ಹಾಕಿಸಿ, ಕುಂಕುಮ ಇಟ್ಟು, ಹೂ ಮುಡಿಸಿದರು. ಕೆಲವರು ಚಿತ್ರದ ಸೀರೆಯ ಮೇಲೆ ನಿಜವಾದ ಬಟ್ಟೆ, ಜರಿ, ಮಿಣುಕು ಅಂಟಿಸಿ ಅಲಂಕಾರ ಮಾಡಿದರು. ದೇವಸ್ಥಾನದ ಒಳಗೆ ಬಿಟ್ಟುಕೊಳ್ಳದ ಜನರ ಮನೆಗೂ ಅದೇ ಲಕ್ಷ್ಮಿ ಬಂದಳು. ಅವರು ಆ ಚಿತ್ರದಲ್ಲಿ ಕಂಡದ್ದು ರಾಜರಿಗೆ ಕಂಡಿರಲು ಸಾಧ್ಯವೇ ಇಲ್ಲ, ಅಲ್ವಾ? ಹೀಗೆ ಮನೆಮನೆಗೂ ಹೋಗಿ ಹೋಗಿ ‘ರವಿವರ್ಮ’ ಎನ್ನುವುದು ಒಬ್ಬ ಮನುಷ್ಯನ ಹೆಸರಾಗಿ ಉಳಿಯಲಿಲ್ಲ. ಸೀರೆಯುಟ್ಟ ಚೆಂದದ ಹೆಂಗಸಿನ ಚಿತ್ರ ಅಂದರೆ ರವಿವರ್ಮ, ಅಷ್ಟೇ. ನಿಮ್ಮ ತವರಿನ ಅಚ್ಚಿನ ಮೇಲೆ ಆ ಹೆಸರು ಕೂತದ್ದೂ ಬಹುಶಃ ಹೀಗೆಯೇ.

ನಾನು ಆ ದೀಪದ ಚಿತ್ರ ಮೊದಲು ನೋಡಿದ್ದು ಏಳನೇ ಕ್ಲಾಸಿನ ಪ್ರವಾಸದಲ್ಲಿ. ಸಾಲಿನಲ್ಲಿ ತಳ್ಳಿಸಿಕೊಂಡು ಅರೆಗತ್ತಲಿನ ಜಾಗಕ್ಕೆ ಬಂದೆವು. ‘ಹಿಂದೆ ಬಲ್ಬ್ ಇಟ್ಟಿದ್ದಾರೆ ಕಣೋ’ ಎಂದು ಪಕ್ಕದವನು ಪಿಸುಗುಟ್ಟಿದ. ಇಬ್ಬರೂ ಕತ್ತು ಬಗ್ಗಿಸಿ ಚೌಕಟ್ಟಿನ ಸಂದಿ ನೋಡಿದೆವು. ಬಲ್ಬ್ ಇರಲಿಲ್ಲ. ನನಗೆ ನಿಜವಾಗಿಯೂ ನಿರಾಸೆಯಾಯಿತು!

ಬಹಳ ವರ್ಷಗಳ ಮೇಲೆ ಮತ್ತೆ ಹೋದೆ. ಆಗ ಹತ್ತಿರದಿಂದ ನೋಡಿದರೆ ಅಲ್ಲಿ ಬೆಳಕೇ ಇಲ್ಲ. ಹಳದಿ ಇದೆ, ಕೆಂಪು ಇದೆ, ಸುತ್ತಲೂ ಕಪ್ಪು ಇದೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಅಡ್ಡ. ಬೆರಳ ಸಂದಿಯಲ್ಲಿ ಕೆಂಪು ಸೋಸಿ ಬರುತ್ತಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದೆ. ದೀಪ ಹತ್ತಿಕೊಂಡಿತು. ಇದು ಎಣ್ಣೆಬಣ್ಣವಲ್ಲ, ಜಲವರ್ಣ. ಜಲವರ್ಣ ಬರೆಯುವವರನ್ನು ಕೇಳಿದರೆ ಹೇಳುತ್ತಾರೆ: ಬೆಳಕು ಬೇಕಾದ ಕಡೆ ಬಣ್ಣ ಹಚ್ಚುವುದಿಲ್ಲ, ತೆಳು ಮಾಡುತ್ತೇವೆ, ಇಲ್ಲವೇ ಕಾಗದವನ್ನು ಹಾಗೇ ಬಿಡುತ್ತೇವೆ. ಒಮ್ಮೆ ಕಪ್ಪಾದ ಜಾಗವನ್ನು ಮತ್ತೆ ಬೆಳ್ಳಗೆ ಮಾಡುವುದು ಕಷ್ಟ. ಉಳಿದದ್ದನ್ನು ನಮ್ಮ ಕಣ್ಣು ಮಾಡುತ್ತದೆ. ಸುತ್ತ ಕತ್ತಲಿದ್ದರೆ ನಡುವೆ ಇರುವ ಸಾದಾ ಹಳದಿಯೂ ಉರಿಯುವ ಹಾಗೆ ಕಾಣುತ್ತದೆ. ಅಂದರೆ ಎಣ್ಣೆ, ಬತ್ತಿ ಎಲ್ಲಾ ಹಳದಣಕರ್ ಅವರದು. ದೀಪ ಹಚ್ಚುವವರು ನಾವು.

ಅರ್ಥದ ವಿಷಯವೂ ಹೀಗೆಯೇ ಎಂದು ನಾನು ಹೇಳಿದರೆ, ‘ಹಾಗಾದರೆ ಯಾರು ಏನು ಹೇಳಿದರೂ ನಡೆಯುತ್ತಾ?’ ಎಂದು ನೀವು ಬೆತ್ತ ಎತ್ತಬಹುದು. ನಡೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಇದರ ಮೇಲೆ ಒಂದು ಮಧ್ಯಾಹ್ನದ ಕಾಫಿ ತಣ್ಣಗಾಯಿತು. ಒಬ್ಬರು, ‘ಇವಳು ಯಾರದೋ ಗುಡಿಸಲಿಗೆ ಬೆಂಕಿ ಹಚ್ಚಲು ಹೊರಟಿದ್ದಾಳೆ’ ಅಂದರು, ಸುಮ್ನೆ ಕೆಣಕಲು. ಯಾರೂ ಒಪ್ಪಲಿಲ್ಲ. ಆ ಅಡ್ಡ ಹಿಡಿದ ಕೈ ಒಪ್ಪಲು ಬಿಡುವುದಿಲ್ಲ. ಅದು ಕಾಪಾಡುವ ಕೈ. ಮುಖದಲ್ಲಿ ಅವಸರವೂ ಇಲ್ಲ. ಚಿತ್ರ ಎಲ್ಲ ಮಾತಿಗೂ ತಲೆಯಾಡಿಸುವುದಿಲ್ಲ.

ಈಗ ನಿಮ್ಮ ಮೂವರ ಮಾತು ನೋಡಿ. ಮೂರಕ್ಕೂ ಅದು ತಲೆಯಾಡಿಸುತ್ತದೆ. ರಾತ್ರಿ, ಒಬ್ಬಳೇ, ತನ್ನ ಕೈಯಲ್ಲೇ ಇರುವ ಒಂದು ಬೆಳಕು. ಮೂವರೂ ಇಷ್ಟನ್ನು ನೋಡಿದ್ದೀರಿ. ಮುಂದಿನದು ನಿಮ್ಮ ನಿಮ್ಮ ಮನೆಯಿಂದ ಬಂದದ್ದು. ಮೊಮ್ಮಗಳಿಗೆ ಬೈಯಬೇಡಿ. ಮೊಬೈಲ್ ಬೆಳಕು ಇಷ್ಟು ಕೆಂಪಗಿರುವುದಿಲ್ಲ, ಅದಕ್ಕೆ ಗಾಳಿಯ ಭಯವೂ ಇಲ್ಲ, ನಿಜ. ಆದರೆ ‘ಎಲ್ಲರೂ ಮಲಗಿದ ಮೇಲೆ’ ಎಂಬ ಮಾತು ನನಗಾಗಲಿ, ನಿಮಗಾಗಲಿ ಹೊಳೆದಿರಲಿಲ್ಲ. ಕತ್ತಲಲ್ಲಿ ಕೆಳಗಿನಿಂದ ಬೆಳಕು ಬಿದ್ದ ಮುಖ ಅವಳಿಗೆ ಗೊತ್ತಿರುವುದು ಮೊಬೈಲಿನಿಂದ. ನಮಗೆ ಗೊತ್ತಿದ್ದದ್ದು ಕರೆಂಟು ಹೋದಾಗಿನ ಬುಡ್ಡಿಯಿಂದ.

ಇನ್ನು ಅಮ್ಮ. ಮೂರನೇ ಪುಟದಲ್ಲಿ, ಬೇರೇನೋ ಹೇಳುವಾಗ, ಅಪ್ಪ ಅರಸೀಕೆರೆ ಸಂತೆ ಮುಗಿಸಿ ಕೊನೇ ಬಸ್ಸಿಗೆ ಬರುತ್ತಿದ್ದರು ಎಂದು ಬರೆದಿದ್ದೀರಿ. ಒಂದೇ ಸಾಲು. ಆಮೇಲೆ ಅದರ ಸುದ್ದಿಯೇ ಇಲ್ಲ. ನೀವು ಗಮನಿಸಿದಿರೋ ಇಲ್ಲವೋ, ನಾನಂತೂ ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ಅಚ್ಚು ನಿಮ್ಮ ನಡುಮನೆಯಲ್ಲೇ ಯಾಕಿತ್ತು, ಅಮ್ಮನಿಗೆ ಯಾಕೆ ಹಾಗೇ ಕಂಡಿತು ಎನ್ನುವುದು ಹಳದಣಕರ್ ಅವರನ್ನು ಕೇಳಿದರೆ ಗೊತ್ತಾಗುವ ಸಂಗತಿಯಲ್ಲ.

ಮೂಲದ ಕತೆ ಇನ್ನೂ ಬೇರೆ. ದೀಪ ಹಿಡಿದು ನಿಂತವಳು ಹಳದಣಕರ್ ಅವರ ಸ್ವಂತ ಮಗಳು. ಅಪ್ಪ ಹೇಳಿದ ಅಂತ ಕದಲದೆ ನಿಂತ ಹುಡುಗಿ. ಯಾವ ಗಂಡನಿಗಾಗಿಯೂ ಕಾಯುತ್ತಿರಲಿಲ್ಲ. ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದಳೇನೋ, ಇದು ನನ್ನ ಊಹೆ! ಆಕೆ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಮುದುಕಿಯಾದ ಮೇಲೂ ಜಗತ್ತಿಗೆಲ್ಲ ಆಕೆ ದೀಪ ಹಿಡಿದ ಆ ಹುಡುಗಿಯೇ. ಇದು ಗೊತ್ತಾದ ಮೇಲೆ ನನಗೆ ಆ ಚಿತ್ರ ಸ್ವಲ್ಪ ಬದಲಾಯಿತು. ಮೊದಲು ನಾನು ಹುಡುಗಿಯನ್ನು ಮಾತ್ರ ನೋಡುತ್ತಿದ್ದೆ. ಈಗ ಎದುರಿಗೆ ಕತ್ತಲಲ್ಲಿ ಕುಂಚ ಹಿಡಿದು ಕೂತ ಅಪ್ಪನೂ ನೆನಪಾಗುತ್ತಾನೆ. ಆದರೆ ಇದು ನಿಮ್ಮ ಅಮ್ಮನ ಅರ್ಥವನ್ನು ಹೊಡೆದುಹಾಕಿತೆಂದು ನನಗೆ ಅನ್ನಿಸುವುದಿಲ್ಲ. ಜೊತೆಗೆ ಬಂದು ಕೂತಿತು, ಅಷ್ಟೇ.

ಹೆಸರು ತಪ್ಪಾಗಿ ಅಂಟಿಕೊಂಡ ಚಿತ್ರ ಇದೊಂದೇ ಅಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಚ್ ಕಲಾವಿದ ರೆಂಬ್ರಾಂಟ್ 1642ರಲ್ಲಿ ಬರೆದ ದೊಡ್ಡ ಚಿತ್ರವೊಂದಿದೆ. ಊರಿನ ಕಾವಲು ಪಡೆಯೊಂದು ಹೊರಡುತ್ತಿರುವ ದೃಶ್ಯ. ವರ್ಷಗಳು ಹೋದಂತೆ ಮೇಲೆ ಬಳಿದ ವಾರ್ನಿಷ್ ಕಪ್ಪಾಯಿತು, ಕೊಳೆ ಕೂತಿತು. 18ನೇ ಶತಮಾನದ ಕೊನೆಯ ಹೊತ್ತಿಗೆ ಜನ ಅದಕ್ಕೆ ‘ರಾತ್ರಿ ಕಾವಲು’ ಎಂದು ಹೆಸರಿಟ್ಟರು. 1940ರ ದಶಕದಲ್ಲಿ ಆ ಕಪ್ಪು ವಾರ್ನಿಷ್ ತೆಗೆದರೆ ಒಳಗೆ ಹಗಲಿತ್ತು! ಆದರೂ ಹೆಸರು ಬದಲಾಗಲಿಲ್ಲ. ಎಷ್ಟೋ ತಲೆಮಾರು ರಾತ್ರಿಯನ್ನೇ ನೋಡಿದ್ದರು, ಆ ರಾತ್ರಿಯನ್ನೇ ಮೆಚ್ಚಿದ್ದರು. ಇಲ್ಲಿ ನಾನು ನಿಮ್ಮ ಅಮ್ಮನ ಪರ ನಿಂತಷ್ಟು ಸಲೀಸಾಗಿ ಆ ಜನರ ಪರ ನಿಲ್ಲಲಾರೆ. ಅವರು ನೋಡಿದ್ದರಲ್ಲಿ ಒಂದು ಪಾಲು ಕೊಳೆ.

ಮೋನಾಲಿಸಾಳದು ಎಲ್ಲರಿಗೂ ಗೊತ್ತಿರುವ ಕತೆ, ಉದ್ದ ಮಾಡುವುದಿಲ್ಲ. ಫ್ಲಾರೆನ್ಸಿನ ರೇಷ್ಮೆ ವ್ಯಾಪಾರಿಯೊಬ್ಬನ ಹೆಂಡತಿ ಆಕೆ. ಅದೇ ನಗುವಿನಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ 1910ರಲ್ಲಿ ಕಲಾವಿದ ಲಿಯೊನಾರ್ಡೊನ ತಾಯಿಯ ನಗುವನ್ನು ಕಂಡರು. ಮರುವರ್ಷ ಚಿತ್ರ ಕಳುವಾಯಿತು. ಆಗ ಪ್ಯಾರಿಸ್ಸಿನ ಜನ ಅದು ಇದ್ದ ಮ್ಯೂಸಿಯಂ ಲೂವ್ರ್‌ಗೆ ಹೋಗಿ ಖಾಲಿ ಗೋಡೆಯನ್ನು ನೋಡಿಕೊಂಡು ಬಂದರು. ನನಗೆ ಇಡೀ ಕತೆಯಲ್ಲಿ ಇಷ್ಟವಾಗುವುದು ಆ ಖಾಲಿ ಗೋಡೆಯೇ. ಚಿತ್ರವೇ ಇಲ್ಲದಾಗಲೂ ನೋಡಲು ಏನೋ ಇತ್ತಲ್ಲ.

ನಮ್ಮ ದೀಪದ ಹುಡುಗಿಗೆ ಈಗ ‘ಗ್ಲೋ ಆಫ್ ಹೋಪ್’ ಎಂಬ ಹೆಸರು ಬಳಕೆಯಲ್ಲಿದೆ. ಭರವಸೆಯ ಬೆಳಕು ಅಂತ. ಈ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ನೋಡುವ ಮೊದಲೇ ಏನು ನೋಡಬೇಕೆಂದು ಹೇಳಿಬಿಡುತ್ತದೆ. ‘ಕೊನೇ ಬಸ್ಸು’ ಎಂದು ಹೆಸರಿಟ್ಟಿದ್ದರೆ ನಾವೆಲ್ಲ ಏನು ನೋಡುತ್ತಿದ್ದೆವೋ!

ಕೊನೆಯ ಪ್ರಶ್ನೆ, ಅಚ್ಚಿನ ಮೇಲಿನ ಹೆಸರು. ದಯವಿಟ್ಟು ಅಳಿಸಬೇಡಿ, ಕೆರೆಯಲೂ ಬೇಡಿ. ಹಳೇ ಕಾಗದ, ಕಿತ್ತು ಬರುತ್ತದೆ. ಕಟ್ಟು ಬಿಚ್ಚಿಸಿದಾಗ ಹಿಂಬದಿಯಲ್ಲಿ ಹಳದಣಕರ್ ಎಂದು ಬರೆದಿಡಿ. ಅದರ ಕೆಳಗೆ ಅಮ್ಮ ಹೇಳಿದ್ದನ್ನೂ, ಮೊಮ್ಮಗಳು ಹೇಳಿದ್ದನ್ನೂ ಬರೆಯಿರಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನಿನ ಇಂಕು ಮುಂದಕ್ಕೆ ಸೋರಿ ಅವಳ ಮುಖಕ್ಕೆ ಬಂದೀತು.

– ಸಂಪಾದಕ